ಎತ್ತರದ ಹುಡುಗನಿಗೂ ಚೆಂಡು ಕೊಡಿ

ನಾನು 6 ಅಡಿ 3 ಇಂಚು ಎತ್ತರ. ಊರಿನಲ್ಲಿ ಕಾಲೇಜು ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ಆಡುವಾಗ ನನಗಿಂತ ಎತ್ತರದವರು ಯಾರೂ ಇರಲಿಲ್ಲ. ಹಾಗಾಗಿ ಮೊದಲ ದಿನವೇ ನನ್ನ ಜಾಗ ಗೊತ್ತಾಗಿಹೋಯಿತು. ಕೋಚ್ ಹೇಳಿದರು, "ನೀನು ರಿಂಗ್ ಕೆಳಗೆ ನಿಂತ್ಕೊ. ರಿಬೌಂಡ್ ಸಿಕ್ಕಿದ ತಕ್ಷಣ ಗಾರ್ಡ್‌ಗೆ ಕೊಡು. ಡ್ರಿಬಲ್ ಮಾತ್ರ ಮಾಡ್ಬೇಡ." ರಿಬೌಂಡ್ ಅಂದರೆ ರಿಂಗ್‌ಗೆ ತಾಗಿ ವಾಪಸ್ ಬಂದ ಚೆಂಡು. ಗಾರ್ಡ್ ಅಂದರೆ ಚೆಂಡನ್ನು ನೆಲಕ್ಕೆ ತಟ್ಟುತ್ತಾ, ಅಂದರೆ ಡ್ರಿಬಲ್ ಮಾಡುತ್ತಾ, ಮುಂದೆ ತರುವ ಆಟಗಾರ. ಐದು ವರ್ಷ ಹಾಗೇ ಆಡಿದೆ. ರಿಂಗ್‌ನಿಂದ ಸ್ವಲ್ಪ ದೂರದಲ್ಲಿ ಚೆಂಡು ಕೈಗೆ ಬಂದರೆ ಸಾಕು, ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ಯಾರಿಗಾದರೂ ಬೇಗ ದಾಟಿಸಿದರೆ ಸಾಕಪ್ಪಾ ಅನಿಸುತ್ತಿತ್ತು.

ಈಗ ಹನ್ನೆರಡು ವರ್ಷದಿಂದ ಅಮೆರಿಕದ ಡೆನ್ವರ್‌ನಲ್ಲಿದ್ದೇನೆ. ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಆಡುವ ಇಲ್ಲಿನ ನಗೆಟ್ಸ್ ತಂಡದ ಆಟ ನೋಡುತ್ತಾ ಬಂದಿದ್ದೇನೆ. ಅದನ್ನು ನೋಡಿದ ಮೇಲೆ ನನಗೆ ಒಂದು ಮಾತು ಹೇಳಲೇಬೇಕು ಅನಿಸಿದೆ. ಎತ್ತರ ಇರುವುದು ಕೈ ಚಾಚುವುದಕ್ಕಷ್ಟೇ ಅಲ್ಲ. ಎತ್ತರದಲ್ಲಿರುವವನಿಗೆ ಎಲ್ಲರಿಗಿಂತ ಚೆನ್ನಾಗಿ ಕಾಣಿಸುತ್ತದೆ. ನಾವು ನಮ್ಮ ಎತ್ತರದ ಹುಡುಗರ ಕೈಯನ್ನು ಬಳಸುತ್ತೇವೆ, ಕಣ್ಣನ್ನು ಬಳಸುವುದಿಲ್ಲ.

ನಗೆಟ್ಸ್‌ನ ಸೆಂಟರ್, ಅಂದರೆ ರಿಂಗ್ ಹತ್ತಿರ ಆಡುವ ಎತ್ತರದವನು, ನಿಕೊಲಾ ಯೋಕಿಚ್. ಅವನು ಆಡುವುದನ್ನು ಒಮ್ಮೆ ಮೇಲಿನ ಸೀಟಿನಲ್ಲಿ ಕೂತು ನೋಡಬೇಕು. ಟಿವಿಯಲ್ಲಿ ಚೆಂಡಷ್ಟೇ ಕಾಣುತ್ತದೆ, ಮೇಲಿನಿಂದ ಇಡೀ ಅಂಗಳ ಕಾಣುತ್ತದೆ. ಅವನು ರಿಂಗ್ ಎದುರಿಗಿರುವ ಫ್ರೀ ಥ್ರೋ ಗೆರೆಯ ತುದಿಯಲ್ಲಿ ಚೆಂಡು ಹಿಡಿದು ನಿಲ್ಲುತ್ತಾನೆ. ಅವಸರ ಅನ್ನುವುದೇ ಇಲ್ಲ. ಜೊತೆಗಾರ ಜಮಾಲ್ ಮರ್ರೆ ಹೊರಗಿನಿಂದ ಓಡಿ ಬಂದು ಅವನ ಕೈಯಿಂದಲೇ ಚೆಂಡು ಎತ್ತಿಕೊಂಡು ಹೋಗುತ್ತಾನೆ. ಮರ್ರೆಯ ಹಿಂದೆ ಬಂದ ಎದುರಾಳಿ ಯೋಕಿಚ್‌ನ ಮೈಗೆ ತಾಗಿ ಅಲ್ಲೇ ನಿಂತುಬಿಡುತ್ತಾನೆ. ಈಗ ಯೋಕಿಚ್‌ನನ್ನು ಕಾಯುತ್ತಿದ್ದವನು ಮರ್ರೆಯ ಕಡೆ ಅರ್ಧ ಹೆಜ್ಜೆ ಇಡಲೇಬೇಕು. ಇಟ್ಟ ಕೂಡಲೇ ಯೋಕಿಚ್ ರಿಂಗ್ ಕಡೆಗೆ ತಿರುಗಿರುತ್ತಾನೆ, ಚೆಂಡು ವಾಪಸ್ ಅವನ ಕೈಗೆ. ಅವನನ್ನು ತಡೆಯಲು ಇನ್ನೊಬ್ಬ ಬರಬೇಕು. ಬಂದರೆ ರಿಂಗ್ ಹಿಂದಿನ ಗೆರೆಯ (ಬೇಸ್‌ಲೈನ್) ಪಕ್ಕದಲ್ಲಿ ಇನ್ನೊಬ್ಬ ಜೊತೆಗಾರ ಆರನ್ ಗಾರ್ಡನ್ ಹಾರಲು ಸಿದ್ಧ. ಎರಡು ಮೂರು ಸೆಕೆಂಡಿನಲ್ಲಿ ಇಷ್ಟೆಲ್ಲ. ಇದರಲ್ಲಿ ಯೋಕಿಚ್ ಜೋರಾಗಿ ಓಡಿಲ್ಲ, ಎತ್ತರಕ್ಕೆ ಹಾರಿಲ್ಲ. ಎದುರಾಳಿ ಯಾವ ಕಾಲು ಮುಂದಿಟ್ಟ ಅನ್ನುವುದನ್ನು ನೋಡಿದ, ಅಷ್ಟೇ.

2014ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವಾಗ, ಇವನಿಗೆ ಸಿಕ್ಕಿದ್ದು 41ನೇ ಸ್ಥಾನ. ಆಮೇಲೆ 2021, 2022 ಮತ್ತು 2024ರಲ್ಲಿ ವರ್ಷದ ಅತಿ ಶ್ರೇಷ್ಠ ಆಟಗಾರನಾದ. 2023ರಲ್ಲಿ ನಗೆಟ್ಸ್‌ಗೆ ಮೊದಲ ಎನ್‌ಬಿಎ ಪ್ರಶಸ್ತಿ ತಂದುಕೊಟ್ಟ. 2024-25ರಲ್ಲಂತೂ ಇಡೀ ಸೀಸನ್ನಿನ ಸರಾಸರಿಯಲ್ಲೇ ಪಾಯಿಂಟ್, ರಿಬೌಂಡ್, ಅಸಿಸ್ಟ್ (ಜೊತೆಗಾರ ಪಾಯಿಂಟ್ ಹೊಡೆಯಲು ಕೊಟ್ಟ ಪಾಸ್) ಮೂರೂ ಹತ್ತು ದಾಟಿದವು. ಸೆಂಟರ್ ಆಗಿ ಆಡುವ ಯಾರೂ ಅದಕ್ಕೆ ಮೊದಲು ಹಾಗೆ ಮಾಡಿರಲಿಲ್ಲ.

ಅಮೆರಿಕದವರು ಮೊದಲಿನಿಂದ ಹೀಗೇ ಯೋಚಿಸುತ್ತಿದ್ದರು ಅಂದುಕೊಳ್ಳಬೇಡಿ. ಇಲ್ಲೂ ಎತ್ತರದವನು ಅಂದರೆ ರಿಂಗ್ ಕೆಳಗಿನವನೇ ಆಗಿದ್ದ. ಮಿನಿಯಾಪೊಲಿಸ್ ಲೇಕರ್ಸ್‌ನ ಜಾರ್ಜ್ ಮೈಕನ್ 6 ಅಡಿ 10 ಇಂಚು ಇದ್ದ. ಅಲ್ಲಿ ನಿಂತು ಎಷ್ಟು ಪಾಯಿಂಟ್ ಹೊಡೆಯುತ್ತಿದ್ದ ಎಂದರೆ, 1951ರಲ್ಲಿ ರಿಂಗ್ ಮುಂದಿನ ಪೇಂಟ್ ಜಾಗವನ್ನೇ 6 ಅಡಿಯಿಂದ 12 ಅಡಿಗೆ ಅಗಲ ಮಾಡಿದರು. ಚೆಂಡು ಇರುವ ತಂಡದವನು ಆ ಜಾಗದಲ್ಲಿ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವಂತಿಲ್ಲವಲ್ಲ, ಅದಕ್ಕೆ. ಅದಕ್ಕೂ ಹಿಂದಿನ ವರ್ಷ ಫೋರ್ಟ್ ವೇನ್ ತಂಡ ಅವನ ಕೈಗೆ ಚೆಂಡು ಸಿಗದ ಹಾಗೆ ಸುಮ್ಮನೆ ಹಿಡಿದುಕೊಂಡೇ ನಿಂತು 19-18ರಲ್ಲಿ ಗೆದ್ದಿತ್ತು. ಲೇಕರ್ಸ್‌ನ 18ರಲ್ಲಿ 15 ಮೈಕನ್‌ದೇ. 1954ರಲ್ಲಿ 24 ಸೆಕೆಂಡಿನೊಳಗೆ ರಿಂಗ್ ಕಡೆ ಚೆಂಡು ಎಸೆಯಲೇಬೇಕು ಅನ್ನುವ ಗಡಿಯಾರ ಬಂತು, ಚೆಂಡು ಹಿಡಿದುಕೊಂಡು ಕಾಲ ಕಳೆಯುವ ಆಟ ನಿಂತಿತು. ಇನ್ನೊಬ್ಬ ಎತ್ತರದ ಸೆಂಟರ್ ವಿಲ್ಟ್ ಚೇಂಬರ್ಲಿನ್ ಬಂದ ಮೇಲೆ 1964ರಲ್ಲಿ ಪೇಂಟ್ 16 ಅಡಿ ಆಯಿತು. ಎತ್ತರದವರನ್ನು ರಿಂಗ್‌ನಿಂದ ದೂರ ತಳ್ಳುವುದೇ ಈ ಆಟದ ನಿಯಮಗಳ ಕೆಲಸ ಆಗಿತ್ತು ಅಂತ ನನಗೆ ಕೆಲವೊಮ್ಮೆ ಅನಿಸುತ್ತದೆ.

ಒಂದು ನಿಯಮದ ವ್ಯತ್ಯಾಸ ನಮ್ಮವರ ಪರವಾಗಿ ಹೇಳಲೇಬೇಕು. ಎನ್‌ಬಿಎಯಲ್ಲಿ 2001ರಿಂದ ತಡೆಯುವ ತಂಡದವನೂ ಯಾರನ್ನೂ ಕಾಯದೆ ಪೇಂಟ್‌ನಲ್ಲಿ ಮೂರು ಸೆಕೆಂಡ್ ದಾಟಿ ನಿಲ್ಲುವಂತಿಲ್ಲ. ನಾವು ಆಡುವ ಅಂತರರಾಷ್ಟ್ರೀಯ ನಿಯಮದಲ್ಲಿ ಆ ಕಟ್ಟುಪಾಡು ಇಲ್ಲ. ತಡೆಯುವಾಗ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಹಾಗಾಗಿ "ರಿಂಗ್ ಕೆಳಗೆ ನಿಂತ್ಕೊ" ಅಂದ ನಮ್ಮ ಕೋಚ್ ತಪ್ಪು ಹೇಳಲಿಲ್ಲ. ಅದನ್ನು ಬಿಟ್ಟು ಬೇರೇನೂ ಹೇಳಲಿಲ್ಲ ಅನ್ನುವುದೇ ನನ್ನ ಬೇಸರ. ಅದೇ ಅಂತರರಾಷ್ಟ್ರೀಯ ನಿಯಮದಲ್ಲಿ ಆಡುವ ಸರ್ಬಿಯಾ, ಲಿಥುವೇನಿಯಾ ದೇಶಗಳಿಂದ ಚೆಂಡು ದಾಟಿಸುವ ಸೆಂಟರ್‌ಗಳು ಬಂದರಲ್ಲ. ಲಿಥುವೇನಿಯಾದ 7 ಅಡಿ 3 ಇಂಚಿನ ಅರ್ವಿಡಾಸ್ ಸಬೋನಿಸ್ 1995ರಲ್ಲಿ ಎನ್‌ಬಿಎಯ ಪೋರ್ಟ್‌ಲ್ಯಾಂಡ್ ತಂಡಕ್ಕೆ ಬಂದಾಗ ವಯಸ್ಸು ಮೂವತ್ತಾಗಿತ್ತು, ಕಾಲು ಸೋತಿತ್ತು. ಆದರೂ ಅವನ ಪಾಸ್ ನೋಡಿ ಇಲ್ಲಿನವರು ಬೆರಗಾದರು.

ಅಮೆರಿಕದಲ್ಲಿ ಹುಟ್ಟಿದ ಸೆಂಟರ್ ಒಬ್ಬ ವರ್ಷದ ಅತಿ ಶ್ರೇಷ್ಠ ಆಟಗಾರ ಆಗಿದ್ದು ಕೊನೆಯ ಸಲ 2000ರಲ್ಲಿ, ಶಕೀಲ್ ಓನೀಲ್. 2021ರಿಂದ 2024ರವರೆಗೆ ನಾಲ್ಕೂ ವರ್ಷ ಆ ಗೌರವ ಸೆಂಟರ್‌ಗಳಿಗೇ ಸಿಕ್ಕಿತು, ಆದರೆ ಅವರು ಸರ್ಬಿಯಾದ ಯೋಕಿಚ್ ಮತ್ತು ಕ್ಯಾಮರೂನ್‌ನಲ್ಲಿ ಹುಟ್ಟಿದ ಜೊಯೆಲ್ ಎಂಬೀಡ್. ನನಗೆ ಇದರಲ್ಲಿ ಒಂದು ಸುಳಿವು ಕಾಣುತ್ತದೆ. ಎಂಬೀಡ್ ಮೊದಲು ಆಡುತ್ತಿದ್ದುದು ವಾಲಿಬಾಲ್. ಅವನಿಗಿಂತ ಹಿಂದಿನ ಹಕೀಮ್ ಒಲಾಜುವಾನ್ ಲಾಗೋಸ್‌ನಲ್ಲಿ ಫುಟ್‌ಬಾಲ್, ಹ್ಯಾಂಡ್‌ಬಾಲ್ ಆಡಿ ಬೆಳೆದವನು. ಜರ್ಮನಿಯ ಡರ್ಕ್ ನೊವಿಟ್ಸ್ಕಿ ಟೆನಿಸ್, ಹ್ಯಾಂಡ್‌ಬಾಲ್ ಆಡಿದವನು. ಮೈ ಹೇಗೆ ತಿರುಗಿಸಬೇಕು, ಕಾಲು ಎಲ್ಲಿಡಬೇಕು ಅನ್ನುವುದು ಇವರಿಗೆ ಬೇರೆ ಆಟದಲ್ಲೇ ಬಂದಿತ್ತು. ಚಿಕ್ಕಂದಿನಲ್ಲೇ ಯಾರೂ ಇವರನ್ನು ರಿಂಗ್ ಕೆಳಗೆ ನಿಲ್ಲಿಸಿರಲಿಲ್ಲ.

ನಡುವೆ ಕೆಲವು ವರ್ಷ, ಎತ್ತರದವರ ಕಾಲ ಮುಗಿಯಿತು ಅಂತಲೇ ಎಲ್ಲರೂ ಮಾತಾಡಿದರು. 2012ರಲ್ಲಿ ಆಲ್‌ಸ್ಟಾರ್ (ಲೀಗ್‌ನ ಶ್ರೇಷ್ಠರು ಸೇರಿ ಆಡುವ ಆಟ) ಮತಪಟ್ಟಿಯಿಂದ 'ಸೆಂಟರ್' ಅನ್ನುವ ಪದವನ್ನೇ ತೆಗೆದರು. 2015ರ ಫೈನಲ್‌ನಲ್ಲಿ ಗೋಲ್ಡನ್ ಸ್ಟೇಟ್ ತಂಡ 1-2ರಲ್ಲಿ ಹಿಂದಿದ್ದಾಗ 7 ಅಡಿಯ ಆ್ಯಂಡ್ರ್ಯೂ ಬೋಗಟ್‌ನನ್ನು ಆರಂಭದ ಐವರಿಂದ ಬಿಟ್ಟು, 6 ಅಡಿ 6 ಇಂಚಿನ ಡ್ರೇಮಂಡ್ ಗ್ರೀನ್‌ನನ್ನು ಆ ಜಾಗಕ್ಕೆ ಹಾಕಿತು. ಮುಂದಿನ ಮೂರೂ ಆಟ ಗೆದ್ದು ಪ್ರಶಸ್ತಿ ಎತ್ತಿತು. ಅದೇ ಜೂನ್‌ನಲ್ಲಿ, ಹತ್ತು ದಿನದೊಳಗೆ, ಪಂಜಾಬಿನ ಸತ್ನಾಮ್ ಸಿಂಗ್ ಡ್ರಾಫ್ಟ್ ಆದ. ಭಾರತದಲ್ಲಿ ಹುಟ್ಟಿದವರಲ್ಲಿ ಅವನೇ ಮೊದಲು. 7 ಅಡಿ 2 ಇಂಚು, ಡಲ್ಲಾಸ್ ತಂಡ, 52ನೇ ಸ್ಥಾನ. ನಾನು ಅವತ್ತು ಟಿವಿ ಮುಂದೆ ಕೂತು ನಿಜಕ್ಕೂ ಕಣ್ಣೀರು ಹಾಕಿದೆ. ಆದರೆ ಎನ್‌ಬಿಎ ಲೀಗ್‌ನಲ್ಲಿ ಒಂದು ಆಟವೂ ಅವನಿಗೆ ಸಿಗಲಿಲ್ಲ. ಅವನು ಬಂದು ನಿಂತ ಹೊತ್ತಿಗೇ ಆಟ ರಿಂಗ್ ಕೆಳಗಿನಿಂದ ಎದ್ದು ಹೊರಗೆ ಹೋಗುತ್ತಿತ್ತು. ಅದು ಅವನ ತಪ್ಪಲ್ಲ.

2020ರಲ್ಲಿ ಹ್ಯೂಸ್ಟನ್ ತಂಡ ಇನ್ನೂ ಮುಂದೆ ಹೋಗಿ ತನ್ನ ಸೆಂಟರ್ ಕ್ಲಿಂಟ್ ಕಪೇಲಾನನ್ನು ಕಳಿಸಿಬಿಟ್ಟು, 6 ಅಡಿ 5 ಇಂಚಿನ ಪಿ.ಜೆ. ಟಕರ್‌ನನ್ನು ಸೆಂಟರ್ ಮಾಡಿತು. ಎತ್ತರದ ಆಂಥೊನಿ ಡೇವಿಸ್ ಇದ್ದ ಲೇಕರ್ಸ್ ಎದುರು 4-1ರಲ್ಲಿ ಸೋತಿತು. ಎತ್ತರ ಎಲ್ಲಿಗೂ ಹೋಗಿರಲಿಲ್ಲ. ಸುಮ್ನೆ ನಿಲ್ಲುವ ಎತ್ತರಕ್ಕೆ ಮಾತ್ರ ಬೆಲೆ ಕಡಿಮೆಯಾಗಿತ್ತು.

ಇಲ್ಲಿ ನಾನು ಕಲಿತ ಇನ್ನೊಂದು ಸಂಗತಿ ಮಾತಾಡುವುದು. ಭಾನುವಾರ ಬೆಳಿಗ್ಗೆ ಇಲ್ಲಿನ ಜಿಮ್ ಒಂದರಲ್ಲಿ ಆಡುತ್ತೇನೆ. ಮೊದಲ ವಾರವೇ ಅರವತ್ತು ದಾಟಿದ ಹಿರಿಯರೊಬ್ಬರು ಪಕ್ಕಕ್ಕೆ ಕರೆದರು. "ನೀನು ಎಲ್ಲರ ಹಿಂದೆ ನಿಂತಿದ್ದೀಯ, ನಿನಗೆ ಎಲ್ಲಾ ಕಾಣುತ್ತೆ. ನೀನು ಕೂಗದಿದ್ದರೆ ಮುಂದಿರುವ ನಾಲ್ಕು ಜನಕ್ಕೆ ಕಣ್ಣೇ ಇಲ್ಲ" ಅಂದರು. ಊರಿನಲ್ಲಿ ಅಂಗಳದಲ್ಲಿ ಮಾತಾಡುತ್ತಿದ್ದವನು ಗಾರ್ಡ್, ಅವನೇ ಕ್ಯಾಪ್ಟನ್. ನಾನು ಬಾಯಿ ಬಿಟ್ಟವನೇ ಅಲ್ಲ. ಈಗ ಸ್ಕ್ರೀನ್, ಅಂದರೆ ನಮ್ಮವನ ದಾರಿಗೆ ಅಡ್ಡ ನಿಲ್ಲುವ ಎದುರಾಳಿ, ಎಡಗಡೆ ಬರುತ್ತಿದ್ದರೆ ಕೂಗುತ್ತೇನೆ, ಯಾರಾದರೂ ಬೆನ್ನ ಹಿಂದೆ ನುಸುಳಿದರೆ ಕೂಗುತ್ತೇನೆ.

ಸೆಂಟರ್‌ನ ತಡೆಯುವ ಕೆಲಸ ಹೊರಗಿನಿಂದ ಕಾಣುವಷ್ಟು ಸುಲಭ ಅಲ್ಲ. ಸ್ಕ್ರೀನ್ ಆದ ಕೂಡಲೇ ಅವನು ಒಂದು ಕ್ಷಣ ಇಬ್ಬರನ್ನು ಕಾಯಬೇಕು, ಚೆಂಡು ಹಿಡಿದು ಬರುತ್ತಿರುವ ಗಾರ್ಡ್ ಮತ್ತು ರಿಂಗ್ ಕಡೆ ಓಡುತ್ತಿರುವ ಅವನ ಜೊತೆಗಾರ. ಅರ್ಧ ಹೆಜ್ಜೆ ಮುಂದೆ ಹೋದರೆ ತಲೆಯ ಮೇಲಿಂದ ಚೆಂಡು ದಾಟುತ್ತದೆ. ಅರ್ಧ ಹೆಜ್ಜೆ ಹಿಂದೆ ಉಳಿದರೆ ಗಾರ್ಡ್ ಆರಾಮಾಗಿ ಹೊಡೆಯುತ್ತಾನೆ. ರೂಡಿ ಗೊಬೇರ್ ನಾಲ್ಕು ಸಲ ವರ್ಷದ ಶ್ರೇಷ್ಠ ಡಿಫೆಂಡರ್ ಆಗಿದ್ದು ಈ ಅರ್ಧ ಹೆಜ್ಜೆಯ ಲೆಕ್ಕದಲ್ಲಿ. ಹಿಂದಿನ ಕಾಲದ ಸೆಂಟರ್ ಬಿಲ್ ರಸೆಲ್ ಬ್ಲಾಕ್ ಮಾಡಿದ ಚೆಂಡನ್ನು ಜೋರಾಗಿ ಹೊರಗೆ ಹೊಡೆಯದೆ ತನ್ನವರ ಕೈಗೆ ಬೀಳುವ ಹಾಗೆ ತಟ್ಟುತ್ತಿದ್ದ. ಹೊರಗೆ ಹೋದ ಚೆಂಡು ಮತ್ತೆ ಎದುರಾಳಿಗೇ ತಾನೇ? 13 ಸೀಸನ್ನಿನಲ್ಲಿ 11 ಪ್ರಶಸ್ತಿ ಸುಮ್ನೆ ಬರುತ್ತಾ?

ಇಲ್ಲಿನವರದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಈಗ ಇಲ್ಲಿ ಎತ್ತರದ ಮಕ್ಕಳೆಲ್ಲ ಮೂರು ಪಾಯಿಂಟ್ ಗೆರೆಯ ಹೊರಗೇ ನಿಂತು ಹೊಡೆಯುತ್ತಿರುತ್ತಾರೆ. ಸ್ಕ್ರೀನ್‌ಗೆ ಮೈ ಕೊಡುವುದು, ಬಾಕ್ಸ್ ಔಟ್ ಮಾಡುವುದು ಬೇಡವಾಗಿದೆ. ಸ್ಟೀವನ್ ಆ್ಯಡಮ್ಸ್ ಎದುರಾಳಿಯನ್ನು ಬೆನ್ನಿನಿಂದ ಒತ್ತಿ ಹಿಡಿದು, ರಿಬೌಂಡ್ ತನ್ನ ಜೊತೆಗಾರನಿಗೆ ಸಿಗುವ ಹಾಗೆ ಮಾಡುವುದನ್ನು ನೋಡಿದರೆ ನನಗೆ ಇವತ್ತಿಗೂ ಕೈಮುಗಿಯಬೇಕು ಅನಿಸುತ್ತದೆ. ಆ ಕೆಲಸವನ್ನು ನಮ್ಮ ಕೋಚ್ ನನಗೆ ಚೆನ್ನಾಗಿ ಕಲಿಸಿದ್ದರು. ಆ ಋಣ ಇದೆ.

ಹೊಸದನ್ನು ಕಲಿಯಲು ವಯಸ್ಸಾಯಿತು ಅನ್ನುವವರಿಗೆ ಬ್ರೂಕ್ ಲೋಪೆಜ್‌ನನ್ನು ತೋರಿಸುತ್ತೇನೆ. ಮೊದಲ ಎಂಟು ಸೀಸನ್ನಿನಲ್ಲಿ ಅವನು ಹಾಕಿದ್ದು ಬರೀ 3 ತ್ರೀ ಪಾಯಿಂಟರ್. ಒಂಬತ್ತನೇ ಸೀಸನ್ನಿನಲ್ಲಿ 134! ರಿಂಗ್ ಕಾಯುವ ಕೆಲಸವನ್ನೂ ಬಿಡಲಿಲ್ಲ, 2021ರಲ್ಲಿ ಮಿಲ್ವಾಕಿ ಗೆದ್ದಾಗ ಅವನೇ ಸೆಂಟರ್.

ಕಾಲೇಜಿನಲ್ಲಿ ನನ್ನ ಜೊತೆ ಆಡಿದ ಗೆಳೆಯ ಈಗ ಊರಿನಲ್ಲಿ ಹುಡುಗರಿಗೆ ಕೋಚ್. ಅವನ ತಂಡದಲ್ಲೂ ಒಬ್ಬ ಎತ್ತರದ ಹುಡುಗನಿದ್ದಾನೆ. ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಟೂರ್ನಮೆಂಟ್ ಮುಂದಿನ ತಿಂಗಳು ಇದೆ ಕಣೋ, ಇವನು ಡ್ರಿಬಲ್ ಮಾಡ್ತಾ ಹೋದ್ರೆ ರಿಬೌಂಡ್ ಯಾರು ಹಿಡೀತಾರೆ?" ಅಂದ. ಕೇಳಿದ್ದು ಸರಿಯೇ. ಆಟದ ದಿನ ರಿಂಗ್ ಕೆಳಗೇ ನಿಲ್ಲಿಸು, ಪ್ರಾಕ್ಟೀಸಿನಲ್ಲಿ ದಿನಾ ಅರ್ಧ ಗಂಟೆ ಅವನನ್ನು ಗಾರ್ಡ್ ಮಾಡು ಅಂದೆ. ಒಪ್ಪಿದ.

ಮೊನ್ನೆ ಒಂದು ವಿಡಿಯೊ ಕಳಿಸಿದ್ದಾನೆ. ಹುಡುಗ ಚೆಂಡು ತರುತ್ತಾ ಎರಡು ಸಲ ಕಳೆದುಕೊಳ್ಳುತ್ತಾನೆ, ಪಕ್ಕದವರು ನಗುತ್ತಾರೆ. ಮೂರನೇ ಸಲ ಅರ್ಧ ಗೆರೆ ದಾಟಿ ನಿಂತು, ಚೆಂಡನ್ನು ತಲೆಯ ಮೇಲೆ ಎತ್ತಿ ಹಿಡಿದು ಸುತ್ತ ನೋಡುತ್ತಾನೆ. ಎಡಮೂಲೆಯಲ್ಲಿ ಒಬ್ಬ ಒಂಟಿಯಾಗಿದ್ದಾನೆ. ಪಾಸ್ ಅವನ ಎದೆಗೇ ಹೋಗುತ್ತದೆ.