ಸೇಲಂನ ಹುಡುಗಿಯರನ್ನು ದೂರುವ ಮೊದಲು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸೇಲಂ ಅನ್ನೋ ಊರಿದೆ. ತಮಿಳುನಾಡಿನ ಸೇಲಂ ಅಲ್ಲ, ಬಾಸ್ಟನ್ ಪಕ್ಕದ ಸಮುದ್ರದಂಡೆಯ ಊರು. ಅಲ್ಲಿನ ಹೈಸ್ಕೂಲ್ ತಂಡದ ಹೆಸರು ‘ವಿಚಸ್’, ಅಂದರೆ ಮಾಟಗಾತಿಯರು. ಫುಟ್‌ಬಾಲ್ ಆಡೋ ಹುಡುಗರೂ ಅದೇ ಹೆಸರಿನಲ್ಲಿ ಮೈದಾನಕ್ಕಿಳಿಯುತ್ತಾರೆ. ಊರಿನ ಪೊಲೀಸ್ ಕಾರಿನ ಮೇಲೆ ಪೊರಕೆ ಏರಿದ ಮಾಟಗಾತಿಯ ಚಿತ್ರ. ಒಂದು ಪ್ರಾಥಮಿಕ ಶಾಲೆಯ ಹೆಸರೇ ‘ವಿಚ್‌ಕ್ರಾಫ್ಟ್ ಹೈಟ್ಸ್’. ಅಕ್ಟೋಬರ್ ಬಂತೆಂದರೆ ಬೀದಿ ತುಂಬ ಚೂಪು ಟೋಪಿ ಹಾಕಿಕೊಂಡ ಜನ.

1692ರಲ್ಲಿ ಅಲ್ಲಿ ಮಾಟದ ಆರೋಪ ಹೊರಿಸಿ ಜನರನ್ನು ಕೋರ್ಟಿಗೆಳೆದು ಕೊಂದಿದ್ದರು, ಇದೆಲ್ಲ ಅದರ ನೆನಪು. ಟೋಪಿಯ ಬಗ್ಗೆ ನನ್ನ ತಕರಾರಿಲ್ಲ. ನಾನು ಬರೆಯುತ್ತಿರುವುದು ಆ ಊರಿನ ಹೆಸರು ಹೇಳಿ ನಮ್ಮ ಮಕ್ಕಳ ತಲೆಗೆ ತುಂಬುತ್ತಿರುವ ಕಥೆಯ ಬಗ್ಗೆ. ಇಲ್ಲಿ ಅಮೆರಿಕದಲ್ಲಿ ಹತ್ತನೇ ತರಗತಿಯಲ್ಲಿರುವ ನನ್ನ ಮಗಳು ಮೊನ್ನೆ ಇಂಗ್ಲಿಷ್ ಪಾಠ ಮುಗಿಸಿ ಬಂದು, "ಅಮ್ಮಾ, ಒಬ್ಬ ಹುಡುಗಿಯ ಹೊಟ್ಟೆಕಿಚ್ಚಿನಿಂದ ಇಡೀ ಊರು ಹಾಳಾಯ್ತಂತೆ" ಅಂದಳು. ಕ್ಲಾಸಿನಲ್ಲಿ ಎಲ್ಲರೂ ಸೇರಿ ಅಬಿಗೈಲ್ ಅನ್ನೋ ಹುಡುಗಿಯನ್ನು ಚೆನ್ನಾಗಿ ಬೈದಿದ್ದಾರೆ. ಹದಿಹರೆಯದ ಹೆಣ್ಣುಮಕ್ಕಳ ಪೈಪೋಟಿ, ಒಬ್ಬಳು ಇನ್ನೊಬ್ಬಳ ಮೇಲೆ ಮಾಟದ ಆರೋಪ ಹೊರಿಸಿದ್ದು, ಅದರಿಂದ ಇಪ್ಪತ್ತು ಜನರ ಸಾವು. ಲಕ್ಷಾಂತರ ಮಕ್ಕಳು ಈ ಕಥೆಯನ್ನು ನಂಬಿಕೊಂಡೇ ಹೈಸ್ಕೂಲು ಮುಗಿಸುತ್ತಾರೆ. ಅದು ನಿಜವಲ್ಲ, ಮತ್ತು ಈ ಸುಳ್ಳಿನಿಂದ ನಿಜವಾದ ತಪ್ಪಿತಸ್ಥರು ತಪ್ಪಿಸಿಕೊಳ್ಳುತ್ತಾರೆ.

ಈ ಕಥೆಗೆ ಈಗಿನ ರೂಪ ಬಂದದ್ದು ಹೆಚ್ಚಾಗಿ 1953ರ ಒಂದು ನಾಟಕದಿಂದ. ಆರ್ಥರ್ ಮಿಲ್ಲರ್ ಬರೆದ ‘ದಿ ಕ್ರೂಸಿಬಲ್’. ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆಯುತ್ತಿದ್ದ ಕಾಲದಲ್ಲಿ ಆತ ಆಳುವವರನ್ನು ಎದುರು ಹಾಕಿಕೊಂಡು ಬರೆದ. ಆ ಧೈರ್ಯಕ್ಕೆ ನನ್ನ ಗೌರವವಿದೆ. ಆದರೆ ನಾಟಕದ ನಡುಮಧ್ಯೆ ಆತ ಇಟ್ಟದ್ದು ಹದಿನೇಳರ ಅಬಿಗೈಲ್ ವಿಲಿಯಮ್ಸ್‌ಗೂ ಮೂವತ್ತು ದಾಟಿದ ಜಾನ್ ಪ್ರಾಕ್ಟರ್‌ಗೂ ಇದ್ದ ಕಳ್ಳ ಸಂಬಂಧವನ್ನು, ಮತ್ತು ಅವನ ಹೆಂಡತಿಯ ಮೇಲೆ ಆ ಹುಡುಗಿಗಿದ್ದ ಹಗೆಯನ್ನು. 1692ರಲ್ಲಿ ನಿಜವಾದ ಅಬಿಗೈಲ್‌ಗೆ ಹನ್ನೊಂದೋ ಹನ್ನೆರಡೋ ವರ್ಷ. ಪ್ರಾಕ್ಟರ್‌ಗೆ ಅರವತ್ತರ ಹತ್ತಿರ. ಅವರಿಬ್ಬರ ನಡುವೆ ಅಂಥ ಸಂಬಂಧವಿತ್ತು ಅನ್ನುವುದಕ್ಕೆ ಒಂದು ಸಾಲಿನ ದಾಖಲೆಯೂ ಇಲ್ಲ. ಹುಡುಗಿಯ ವಯಸ್ಸು ಹೆಚ್ಚಿಸಿದ್ದೇನೆಂದು ಮಿಲ್ಲರ್ ತಾನೇ ಬರೆದಿಟ್ಟಿದ್ದಾನೆ. ನಾಟಕಕಾರನಿಗೆ ಆ ಸ್ವಾತಂತ್ರ್ಯ ಇರಲಿ. ಆದರೆ ಹನ್ನೊಂದರ ಮಗುವನ್ನು ಗಂಡಸಿನ ಹಿಂದೆ ಬಿದ್ದ ಹೆಣ್ಣಾಗಿ ಮಾಡಿದ್ದು ಸಣ್ಣ ಬದಲಾವಣೆಯಲ್ಲ. ಅದನ್ನು ಪಾಠ ಮಾಡುವವರು ಮೊದಲ ದಿನವೇ ಮಕ್ಕಳಿಗೆ ಇದನ್ನು ಹೇಳಬೇಕು.

ಹಾಗಾದರೆ ಆ ಹುಡುಗಿಯರು ಯಾರು? 1692ರ ಜನವರಿಯಲ್ಲಿ ಸೇಲಂ ವಿಲೇಜ್‌ನ, ಅಂದರೆ ಈಗಿನ ಡ್ಯಾನ್ವರ್ಸ್‌ನ, ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಮೈ ತಿರುಚುವುದು, ಕಿರುಚುವುದು ಶುರುವಾಯಿತು. ಮಗಳು ಬೆಟ್ಟಿಗೆ ಒಂಬತ್ತು, ನೆಂಟರ ಹುಡುಗಿ ಅಬಿಗೈಲ್‌ಗೆ ಹನ್ನೊಂದು. ಆಮೇಲೆ ಹನ್ನೆರಡರ ಆನ್ ಪಟ್ನಂ, ಹದಿನೇಳರ ಎಲಿಜಬೆತ್ ಹಬರ್ಡ್, ಪಟ್ನಂ ಮನೆಯಲ್ಲಿ ಕೆಲಸಕ್ಕಿದ್ದ ಮರ್ಸಿ ಲೂಯಿಸ್. ಇವರಲ್ಲಿ ಕೆಲವರು ಉತ್ತರದ ಮೇನ್ ಗಡಿಯಲ್ಲಿ ಮೂಲನಿವಾಸಿ ವಾಬನಾಕಿಗಳ ಜೊತೆ ನಡೆದ ಯುದ್ಧದಲ್ಲಿ ಮನೆಮಂದಿಯನ್ನು ಕಳೆದುಕೊಂಡು ಬಂದವರು. ಮರ್ಸಿ ಅಂಥ ಅನಾಥೆ. ಹೆತ್ತವರನ್ನು ಕಳೆದುಕೊಂಡು ಪರರ ಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗಿಗೆ ರಾತ್ರಿ ಏನು ಕಾಣಿಸುತ್ತಿತ್ತೋ, ಅದನ್ನು ಕೇಳುವವರು ಆ ಊರಲ್ಲಿ ಯಾರೂ ಇರಲಿಲ್ಲ. ಅವಳು ಕಿರುಚಿದಾಗ ಮಾತ್ರ ಊರಿಗೆ ಊರೇ ಕಿವಿಗೊಟ್ಟಿತು.

ಬೆಟ್ಟಿಯನ್ನು ಬೇಗನೆ ಸೇಲಂ ಪೇಟೆಯ ಬೇರೊಬ್ಬರ ಮನೆಗೆ ಕಳಿಸಿದರು. ಆ ಗದ್ದಲದಿಂದ ದೂರವಾದ ಮೇಲೆ ಅವಳು ಸುಧಾರಿಸಿಕೊಂಡಳು. ಉಳಿದವರನ್ನೂ ಹಾಗೆ ಕಳಿಸಿದ್ದರೆ ಅನ್ನೋ ಯೋಚನೆ ನನ್ನನ್ನು ಬಿಟ್ಟಿಲ್ಲ.

ಈಗ ಯಾರೂ ಒತ್ತಿ ಹೇಳದ ಸಂಗತಿಗೆ ಬರುತ್ತೇನೆ. ಫೆಬ್ರವರಿ 29ರಂದು ಟಿಟುಬಾ, ಸಾರಾ ಗುಡ್, ಸಾರಾ ಆಸ್ಬೋರ್ನ್ ಅನ್ನೋ ಮೂವರು ಹೆಂಗಸರ ಮೇಲೆ ಮಾಟದ ಆರೋಪದಲ್ಲಿ ಮೊದಲ ವಾರಂಟ್ ಹೊರಟಿತಲ್ಲ, ಆ ದೂರು ಕೊಟ್ಟವರು ಹುಡುಗಿಯರಲ್ಲ. ಥಾಮಸ್ ಪಟ್ನಂ, ಅವನ ತಮ್ಮ ಎಡ್ವರ್ಡ್, ಜೋಸೆಫ್ ಹಚಿನ್ಸನ್, ಥಾಮಸ್ ಪ್ರೆಸ್ಟನ್. ನಾಲ್ವರೂ ಬೆಳೆದ ಗಂಡಸರು. ಮುಂದೆ ಕೋರ್ಟಿಗೆ ಹೋದ ಎಷ್ಟೋ ಹೇಳಿಕೆಗಳು ಈ ಥಾಮಸ್ ಪಟ್ನಂನ ಕೈಬರಹದಲ್ಲೇ ಇವೆ, ಅವನ ಮಗಳು ಆನ್ ಹೇಳಿದ್ದೂ ಸೇರಿ. ಹನ್ನೆರಡರ ಮಗು ಹೇಳಿದ್ದೆಷ್ಟು, ಅಪ್ಪ ಬರೆದದ್ದೆಷ್ಟು?

ಮೇ ತಿಂಗಳ ಕೊನೆಗೆ ಗವರ್ನರ್ ವಿಲಿಯಂ ಫಿಪ್ಸ್ ವಿಶೇಷ ನ್ಯಾಯಾಲಯ ಕೂಡಿಸಿದ. ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್. ಆ ಕೋರ್ಟು ಒಂದು ಭಯಾನಕ ಸಾಕ್ಷ್ಯವನ್ನು ಒಪ್ಪಿಕೊಂಡಿತು: ಆರೋಪಿ ತನ್ನ ಮನೆಯಲ್ಲೇ ಮಲಗಿದ್ದರೂ ಅವಳ ಛಾಯೆ ಬಂದು ನನ್ನನ್ನು ಚಿವುಟಿತು ಅಂತ ಯಾರಾದರೂ ಹೇಳಿದರೆ ಅದೂ ಸಾಕ್ಷ್ಯವೇ. ಇದಕ್ಕೆ ಯಾರು ಏನು ಉತ್ತರ ಕೊಡಲು ಸಾಧ್ಯ? ನಾನು ಅಲ್ಲಿರಲಿಲ್ಲ ಅಂದರೂ ಪ್ರಯೋಜನವಿಲ್ಲ, ನೀನಲ್ಲ ನಿನ್ನ ಛಾಯೆ ಬಂದಿತ್ತು ಅನ್ನುತ್ತಾರೆ. ಇನ್ನೂ ಕ್ರೂರವಾದದ್ದು ಕೋರ್ಟಿನ ನಡೆ. ಹೌದು, ನಾನು ಮಾಟಗಾತಿ ಅಂದವರನ್ನು, ಬೇರೆಯವರ ಹೆಸರು ಹೇಳಲಿ ಅಂತ ಜೀವಸಹಿತ ಉಳಿಸಿಕೊಂಡರು. ನಾನು ನಿರಪರಾಧಿ ಅಂತ ಗಟ್ಟಿಯಾಗಿ ನಿಂತವರನ್ನು ಗಲ್ಲಿಗೇರಿಸಿದರು. ಜೂನ್ 10ರಂದು ಬ್ರಿಜೆಟ್ ಬಿಷಪ್‌ಳಿಂದ ಶುರುವಾಗಿ ಸೆಪ್ಟೆಂಬರ್ 22ರ ಹೊತ್ತಿಗೆ 14 ಹೆಂಗಸರು, 5 ಗಂಡಸರು ನೇಣಿಗೆ ಹೋದರು. ಉತ್ತರ ಕೊಡಲು ಒಪ್ಪದ ಮುದುಕ ಜೈಲ್ಸ್ ಕೋರಿಯ ಎದೆ ಮೇಲೆ ಕಲ್ಲು ಹೇರಿ ಕೊಂದರು. ಎಷ್ಟೋ ಜನ ಹೇಳುವ ಹಾಗೆ ಅಲ್ಲಿ ಯಾರನ್ನೂ ಸುಡಲಿಲ್ಲ.

ಸುಳ್ಳು ಹೇಳಿದರೆ ಬದುಕು, ನಿಜ ಹೇಳಿದರೆ ನೇಣು. ಹದಿನೈದು, ಹದಿನೇಳು ವರ್ಷದ ಮಕ್ಕಳ ಮುಂದೆ ದೊಡ್ಡವರು ಇಟ್ಟ ಆಯ್ಕೆ ಇದು.

ಮೇರಿ ವಾರನ್‌ಳನ್ನೇ ನೋಡಿ. ಪ್ರಾಕ್ಟರ್ ಮನೆಯ ಕೆಲಸದವಳು, ಇಪ್ಪತ್ತರ ಆಸುಪಾಸು. ಮೊದಲು ಆರೋಪ ಮಾಡುವ ಗುಂಪಿನಲ್ಲಿದ್ದಳು. ಮೈ ಹುಷಾರಾದ ಮೇಲೆ ಚರ್ಚಿನಲ್ಲಿ ದೇವರಿಗೆ ಕೃತಜ್ಞತೆಯ ಚೀಟಿ ಅಂಟಿಸಿದಳು, ಈ ಹುಡುಗಿಯರು ನಟಿಸುತ್ತಿದ್ದಾರೆ ಅನ್ನೋ ಅರ್ಥದ ಮಾತಾಡಿದಳು. ಕೂಡಲೇ ಉಳಿದವರು ಅವಳ ಹೆಸರನ್ನೇ ಹೇಳಿದರು. ಏಪ್ರಿಲ್ 19ರಂದು ಅವಳನ್ನು ಆರೋಪಿಯಾಗಿ ವಿಚಾರಣೆಗೆ ನಿಲ್ಲಿಸಿದರು. ನಿನ್ನೆಯ ಗೆಳತಿಯರು ಎದುರಿಗೆ ಬಿದ್ದು ಒದ್ದಾಡುತ್ತಿದ್ದಾರೆ, ಪ್ರಶ್ನೆ ಕೇಳುವವರು ಹೌದು ಅನ್ನಿಸುವ ತನಕ ಬಿಡುವವರಲ್ಲ. ಅವಳು ಮುರಿದುಬಿದ್ದು ತಪ್ಪೊಪ್ಪಿಕೊಂಡಳು, ಮತ್ತೆ ಆರೋಪ ಮಾಡುವವರ ಸಾಲಿಗೆ ಸೇರಿದಳು. ಇದನ್ನು ಹುಡುಗಿಯರ ನಡುವಿನ ದ್ವೇಷ ಅಂತ ಬರೆದುಬಿಡುವುದು ಸುಲಭ. ನನಗೆ ಇಲ್ಲಿ ಕಾಣುವುದು ಒಬ್ಬಳು ನಿಜ ಹೇಳಲು ಹೋದದ್ದು, ಮತ್ತು ನ್ಯಾಯಾಧೀಶರು ಅದನ್ನು ಅವಳ ಬಾಯಿಂದಲೇ ಕಿತ್ತುಹಾಕಿದ್ದು.

ಆದರೆ ಪ್ರತಿ ಹೈಸ್ಕೂಲಿನಲ್ಲೂ ಹೇಳಬೇಕಾದ ಹೆಸರು ಮಾರ್ಗರೆಟ್ ಜೇಕಬ್ಸ್. ಹದಿನೇಳರ ಹತ್ತಿರದ ಹುಡುಗಿ. ಒಪ್ಪಿಕೊಂಡರೆ ಜೀವ ಉಳಿಯುತ್ತದೆ, ಇಲ್ಲದಿದ್ದರೆ ನೇಣು ಅಂತ ಹೆದರಿಸಿದಾಗ ಒಪ್ಪಿಕೊಂಡಳು. ತನ್ನ ಅಜ್ಜ ಜಾರ್ಜ್ ಜೇಕಬ್ಸ್ ಮೇಲೆ, ಜಾರ್ಜ್ ಬರೋಸ್ ಅನ್ನೋ ಪಾದ್ರಿಯ ಮೇಲೆ ಸುಳ್ಳು ಹೇಳಿದಳು. ಆಮೇಲೆ ಅವಳ ಮನಸ್ಸು ತಡೆಯಲಿಲ್ಲ. ಕೋರ್ಟಿಗೆ ಹೋಗಿ ನಾನು ಹೇಳಿದ್ದೆಲ್ಲ ಸುಳ್ಳು ಅಂದಳು. ಹಾಗಂದರೆ ತಾನೇ ನೇಣಿಗೆ ಹೋಗಬೇಕೆಂದು ತಿಳಿದೇ ಅಂದಳು. ಕೋರ್ಟು ಕಿವಿಗೆ ಹಾಕಿಕೊಳ್ಳಲಿಲ್ಲ. ಬರೋಸ್‌ನನ್ನು ಗಲ್ಲಿಗೇರಿಸುವ ಹಿಂದಿನ ದಿನ ಅವನ ಹತ್ತಿರ ಕ್ಷಮೆ ಕೇಳಿದಳು. ಅವನು ಕ್ಷಮಿಸಿ ಅವಳಿಗಾಗಿ ಪ್ರಾರ್ಥಿಸಿದ. ಅಜ್ಜ ಉಯಿಲಿನಲ್ಲಿ ಮೊಮ್ಮಗಳಿಗೆ ಹತ್ತು ಪೌಂಡ್ ಬರೆದಿಟ್ಟ. ಆಗಸ್ಟ್ 19ರಂದು ಇಬ್ಬರನ್ನೂ ಗಲ್ಲಿಗೇರಿಸಿದರು. ಮರುದಿನ, ಆಗಸ್ಟ್ 20ರಂದು, ಅವಳು ಕತ್ತಲಕೋಣೆಯಿಂದ ಅಪ್ಪನಿಗೆ ಪತ್ರ ಬರೆದಳು. ಆ ಪತ್ರ ಇವತ್ತಿಗೂ ಓದಲು ಸಿಗುತ್ತದೆ. ಅಂಥ ಭೀತಿಯಲ್ಲಿ ಬದುಕುವುದಕ್ಕಿಂತ ನೆಮ್ಮದಿಯ ಮನಸ್ಸಿನಿಂದ ಸಾಯುವುದೇ ಮೇಲು ಅನ್ನೋ ಮಾತು, ಹೇಳಿದ್ದೆಲ್ಲ ಸುಳ್ಳು ಅಂತ ಅವಳು ಕೋರ್ಟಿಗೆ ಬರೆದುಕೊಟ್ಟ ಹೇಳಿಕೆಯಲ್ಲಿದೆ. ವಿಚಾರಣೆಯ ದಿನ ಕಾಯಿಲೆ ಬಿದ್ದಿದ್ದರಿಂದ ಮಾತ್ರ ಅವಳು ಉಳಿದಳು. ಮರುವರ್ಷ ನಿರ್ದೋಷಿ ಅಂತ ತೀರ್ಪು ಬಂದರೂ, ಜೈಲಿನ ಖರ್ಚು ಕಟ್ಟಲು ದುಡ್ಡಿಲ್ಲದೆ ಒಳಗೇ ಇರಬೇಕಾಯಿತು.

ಹೊಟ್ಟೆಕಿಚ್ಚಿನ ಹುಡುಗಿಯನ್ನು ಕಲ್ಪಿಸಿಕೊಂಡು ಪಾಠ ಮಾಡುವವರಿಗೆ ಈ ನಿಜವಾದ ಹುಡುಗಿ ಯಾಕೆ ಕಾಣಲಿಲ್ಲ ಅನ್ನುವುದು ನನಗೆ ಅರ್ಥವಾಗುವುದಿಲ್ಲ.

ಇನ್ನು ಹುಡುಗರ ಸಂಗತಿ. ಆ್ಯಂಡೋವರ್‌ನ ಮಾರ್ಥಾ ಕ್ಯಾರಿಯರ್‌ಳ ಹದಿಹರೆಯದ ಇಬ್ಬರು ಗಂಡುಮಕ್ಕಳ ಕುತ್ತಿಗೆಗೂ ಹಿಮ್ಮಡಿಗೂ ಸೇರಿಸಿ ಹಗ್ಗ ಬಿಗಿದು, ಮೂಗಿನಿಂದ ರಕ್ತ ಬರುವ ಹೊತ್ತಿಗೆ ತಪ್ಪೊಪ್ಪಿಗೆ ಪಡೆದರೆಂದು ಜಾನ್ ಪ್ರಾಕ್ಟರ್ ಜೈಲಿನಿಂದ ಬಾಸ್ಟನ್ನಿನ ಪಾದ್ರಿಗಳಿಗೆ ಬರೆದಿದ್ದಾನೆ. ಸಾರಾ ಗುಡ್‌ಳ ಮಗಳು ಡೊರೊಥಿಗೆ ನಾಲ್ಕೋ ಐದೋ ವರ್ಷ. ಅವಳನ್ನೂ ಸರಪಳಿ ಹಾಕಿ ತಿಂಗಳುಗಟ್ಟಲೆ ಜೈಲಿನಲ್ಲಿಟ್ಟರು. ಆ ಮಗುವಿನ ಬುದ್ಧಿ ಮತ್ತೆಂದೂ ನೆಟ್ಟಗಾಗಲಿಲ್ಲವೆಂದು ಅಪ್ಪ 1710ರಲ್ಲಿ ಸರ್ಕಾರಕ್ಕೆ ಬರೆದುಕೊಂಡ. ಇದರಲ್ಲಿ ಹುಡುಗಿಯರ ಪೈಪೋಟಿ ಎಲ್ಲಿದೆ?

ಆರೋಪ ಮಾಡಿದವರಿಗೆ ಪಾಪವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆನ್ ಪಟ್ನಂ ಸಹ ಹಾಗೆ ಹೇಳಿಕೊಳ್ಳಲಿಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ತಮ್ಮ ತಂಗಿಯರನ್ನು ಸಾಕುತ್ತಾ, ಮದುವೆಯಿಲ್ಲದೆ ಉಳಿದ ಆಕೆ 1706ರಲ್ಲಿ ಅದೇ ಊರಿನ ಚರ್ಚಿನಲ್ಲಿ ಎದ್ದು ನಿಂತಳು. ಅವಳ ಕ್ಷಮಾಪಣೆಯನ್ನು ಪಾದ್ರಿ ಓದಿದರು. ಸತ್ತವರ ಮನೆಯವರೂ ಎದುರಿಗಿದ್ದರು. ನ್ಯಾಯಾಧೀಶರ ಪೈಕಿ ಸ್ಯಾಮ್ಯುಯೆಲ್ ಸ್ಯೂಯಲ್ 1697ರಲ್ಲಿ ಹಾಗೆಯೇ ಎದ್ದು ನಿಂತು ತಪ್ಪು ಒಪ್ಪಿಕೊಂಡ. ಸ್ಟೌಟನ್ ಮಾತ್ರ ಯಾವತ್ತೂ ಕ್ಷಮೆ ಕೇಳಲಿಲ್ಲ. ಮುಂದೆ ಹಂಗಾಮಿ ಗವರ್ನರ್ ಆಗಿ ವರ್ಷಗಟ್ಟಲೆ ಆಳಿದ. ನಾಟಕ ನೋಡಿ ಬಂದವರಿಗೆ ಅಬಿಗೈಲ್ ಹೆಸರು ನೆನಪಿರುತ್ತದೆ, ಸ್ಟೌಟನ್ ಹೆಸರು ಎಷ್ಟು ಜನಕ್ಕೆ ಗೊತ್ತು?

ದೊಡ್ಡವರು ಬೇರೆ ಥರ ನಡೆದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕಾಲದ ಉದಾಹರಣೆಯೂ ಇದೆ. 2011ರ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ಲೆರಾಯ್ ಅನ್ನೋ ಸಣ್ಣ ಊರಿನ ಹೈಸ್ಕೂಲಿನಲ್ಲಿ ಒಬ್ಬಳ ನಂತರ ಒಬ್ಬಳು ಹುಡುಗಿಗೆ ಕೈ ಎಗರುವುದು, ಕತ್ತು ಸೆಳೆಯುವುದು, ತಡೆಯಲಾಗದೆ ಸದ್ದು ಬರುವುದು ಶುರುವಾಯಿತು. ಊರು ಹೆದರಿತು. ಟಿವಿಯವರು ಮುತ್ತಿದರು. ಬಹಳ ಹಿಂದೆ ಅಲ್ಲಿ ರೈಲು ಉರುಳಿ ರಾಸಾಯನಿಕ ಚೆಲ್ಲಿತ್ತು, ಅದೇ ಕಾರಣ ಅಂದರು. ನೆಲ, ನೀರು, ಗಾಳಿ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ನರರೋಗ ತಜ್ಞರು ಇದು ಮನಸ್ಸಿನ ಒತ್ತಡ ದೇಹದಲ್ಲಿ ಕಾಣಿಸಿಕೊಳ್ಳುವ ರೀತಿ, ನಾಟಕವಲ್ಲ, ಆ ಮಕ್ಕಳು ನಿಜವಾಗಿಯೂ ನರಳುತ್ತಿದ್ದಾರೆ ಅಂದರು. ಚಿಕಿತ್ಸೆ ಕೊಟ್ಟು, ಕ್ಯಾಮೆರಾದಿಂದ ದೂರವಿಟ್ಟ ಮೇಲೆ ಹೆಚ್ಚಿನವರು ಸುಧಾರಿಸಿಕೊಂಡರು. ಸೇಲಂನಲ್ಲಿ ಎಲ್ಲರಿಗೂ ಇದೇ ಆಗಿತ್ತು ಅಂತ ಮುನ್ನೂರು ವರ್ಷದ ಈಚೆಯಿಂದ ನಾನು ತೀರ್ಮಾನ ಮಾಡಲಾರೆ. ಆದರೆ ಲೆರಾಯ್‌ನಲ್ಲಿ "ನಿನ್ನನ್ನು ಕಾಡುತ್ತಿರುವವರು ಯಾರು, ಹೆಸರು ಹೇಳು" ಅಂತ ಕೇಳುವ ಕೋರ್ಟು ಇರಲಿಲ್ಲ. ಸೇಲಂನಲ್ಲಿ ಮೊದಲು ಕೇಳಿದ ಪ್ರಶ್ನೆಯೇ ಅದು.

ಆ ಪ್ರಶ್ನೆ ನಮ್ಮ ನೆಲಕ್ಕೂ ಹೊಸದಲ್ಲ. ಬೀದರ್, ಕಲಬುರಗಿ ಕಡೆಯವರಿಗೆ ಭಾನಾಮತಿ ಅಂದರೆ ಏನೆಂದು ನಾನು ವಿವರಿಸಬೇಕಿಲ್ಲ. ಒಬ್ಬ ಹೆಣ್ಣುಮಗಳು ನಾಯಿಯಂತೆ ಬೊಗಳಿದಳು, ಮೈ ತಿರುಚಿಕೊಂಡಳು ಅಂದಾಕ್ಷಣ ಮಾಡಿಸಿದ್ದು ಯಾರು ಅನ್ನೋ ಹುಡುಕಾಟ ಶುರುವಾಗುತ್ತದೆ, ಏಟು ಬೀಳುವುದು ಇನ್ನೊಬ್ಬ ಬಡಪಾಯಿಯ ಮೇಲೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ಮಾಟಮಂತ್ರದ ವಿರುದ್ಧ ಕರ್ನಾಟಕದ ವಿಧಾನಮಂಡಲ ಕಾಯ್ದೆ ಮಾಡಿದ್ದು 2017ರಲ್ಲಿ, ಅದು ಜಾರಿಗೆ ಬಂದದ್ದು 2020ರಲ್ಲಿ. ಹಾಗಾಗಿ ಅಮೆರಿಕದ ಹಳೇ ಕಥೆ ನಮಗ್ಯಾಕೆ ಅಂತ ಕಾಮೆಂಟ್ ಹಾಕುವವರು ದಯವಿಟ್ಟು ಒಂದು ಕ್ಷಣ ಯೋಚಿಸಿ.

ಶಾಲೆಯಲ್ಲೇ ಇದನ್ನು ಬೇರೆ ರೀತಿ ಕಲಿಸಲು ಸಾಧ್ಯ, ಕಲಿಸಿದವರೂ ಇದ್ದಾರೆ. 1693ರಲ್ಲಿ ಮರಣದಂಡನೆ ವಿಧಿಸಿ, ಆಮೇಲೆ ಜೀವ ಉಳಿಸಿದ ಎಲಿಜಬೆತ್ ಜಾನ್ಸನ್ ಅನ್ನೋ ತರುಣಿಯ ಹೆಸರು ಮುಂದಿನ ಯಾವ ಕ್ಷಮಾಪಣೆಯಲ್ಲೂ ಸೇರದೆ ಬಿಟ್ಟುಹೋಗಿತ್ತು. ನಾರ್ತ್ ಆ್ಯಂಡೋವರ್‌ನ ಒಂದು ಮಿಡ್ಲ್ ಸ್ಕೂಲಿನ ಎಂಟನೇ ತರಗತಿ ಮಕ್ಕಳು ಟೀಚರ್ ಜೊತೆ ಕೂತು ದಾಖಲೆ ತೆಗೆದರು, ಶಾಸಕರಿಗೆ ಪತ್ರ ಬರೆದರು, ಮಸೂದೆಗೆ ಬೇಕಾದ ಕೆಲಸ ಮಾಡಿದರು. 2022ರಲ್ಲಿ ಮ್ಯಾಸಚೂಸೆಟ್ಸ್ ಸರ್ಕಾರ ಆಕೆಯನ್ನು ದೋಷಮುಕ್ತಗೊಳಿಸಿತು. ಹದಿಮೂರು ಹದಿನಾಲ್ಕು ವರ್ಷದ ಮಕ್ಕಳು ಮಾಡಿದ ಕೆಲಸ ಅದು.

ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮಕ್ಕಳಿಗೂ ಈ ನಾಟಕ ಪಾಠಕ್ಕೆ ಬಂದೇ ಬರುತ್ತದೆ, ಓದಲಿ. ಅದರ ಜೊತೆಗೆ ಮಾರ್ಗರೆಟ್ ಜೇಕಬ್ಸ್ ಅಪ್ಪನಿಗೆ ಬರೆದ ಪತ್ರವನ್ನೂ ಓದಿಸಿ. ವರ್ಜೀನಿಯಾ ವಿಶ್ವವಿದ್ಯಾಲಯದವರು 1692ರ ಕೋರ್ಟಿನ ಕಾಗದಗಳನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಉಚಿತವಾಗಿ ಇಟ್ಟಿದ್ದಾರೆ. ಹಳೇ ಇಂಗ್ಲಿಷ್, ಸ್ವಲ್ಪ ಕಷ್ಟ. ನಾನು, ಮಗಳು ಸೇರಿ ಮಾರ್ಗರೆಟ್ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇವೆ. ಬೇಕಾದವರು ಹೇಳಿ, ಮುಗಿದ ಮೇಲೆ ಇಲ್ಲೇ ಹಾಕುತ್ತೇನೆ.