ತೇರು ಹೊರಟಿತು, ಕ್ಯಾಮೆರಾ ನಿಂತಿತು

ಕೊಪ್ಪಳದ ಗವಿಮಠದ ಜಾತ್ರೆ. ಒಂದು ಕ್ಷಣವೂ ತಪ್ಪಬಾರದು ಅಂತ ಅರ್ಧ ಗಂಟೆಯಿಂದ ಪುಟ್ಟ ಡಿಜಿಟಲ್ ಕ್ಯಾಮೆರಾ ಎತ್ತಿ ಹಿಡಿದು ನಿಂತಿದ್ದೆ. ತೇರು ಅಲುಗಿತು, ಕ್ಯಾಮೆರಾ ಬಂದ್! 29 ನಿಮಿಷ 59 ಸೆಕೆಂಡ್ ಆಯ್ತಂತೆ. ಯುರೋಪಿನಲ್ಲಿ ಒಂದೇ ಸಲ ಅರ್ಧ ಗಂಟೆ ರೆಕಾರ್ಡ್ ಮಾಡಿದ್ರೆ ಅದು ವಿಡಿಯೊ ಕ್ಯಾಮೆರಾ ಅಂತ ಲೆಕ್ಕ, ಅದಕ್ಕೆ ಸುಂಕ ಜಾಸ್ತಿ ಇತ್ತು, ಅದಕ್ಕೇ ಈ ಮಿತಿ. ಅಲ್ಲಿಯ ಸುಂಕಕ್ಕೂ ನಮ್ಮೂರ ತೇರಿಗೂ ಏನ್ರೀ ಸಂಬಂಧ?

ಹೋಗಲಿ, ಆಡಿಯೊ ಆದ್ರೂ ಕೇಳೋಣ ಅಂದ್ರೆ ಬರೀ ಗಾಳಿಯ ಭರ್ರ್. ಜೂಮ್ ಮಾಡಿದಾಗೆಲ್ಲ ಮೋಟಾರಿನ ಕಿರ್ರ್. ಡೊಳ್ಳು ಎಲ್ಲೋ ಡಬ್ಬಿಯೊಳಗೆ ಬಾರಿಸಿದ ಹಾಗೆ. ಪಕ್ಕದ ಹುಡುಗನ ಪೀಪಿ ಮಾತ್ರ ಸ್ಪಷ್ಟ! ಮೈಕಿನ ತೂತು ಸಾಸಿವೆಯಷ್ಟು, ಅದರ ಮೇಲೂ ನನ್ನ ಬೆರಳು. ಹೊರಗಿನ ಮೈಕ್ ಚುಚ್ಚೋಣ ಅಂದ್ರೆ ಕಿಂಡಿಯೇ ಇಲ್ಲ.

ಮನೆಯಲ್ಲಿ ಅವ್ವ ಕೇಳ್ತಾಳೆ, "ತೇರು ಎಲ್ಲೈತೋ?"

ಅರ್ಧ ಗಂಟೆ ಜನರ ತಲೆ ಐತಿ, ಎಣಿಸಬೇ.