ಮೈಲಿಗೆ ಆರು ಡಾಲರ್

ನಾನು ನಿಧಾನಸ್ಥ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿಲ್ಲ, ಹೆಂಡತಿ ದಿನಾ ಹೇಳುತ್ತಾಳೆ. ಬೆಳಗ್ಗೆ ಕಾಫಿ ಲೋಟ ತೊಳೆಯುವುದರಿಂದ ಹಿಡಿದು ರಾತ್ರಿ ಕಸದ ಡಬ್ಬ ಹೊರಗಿಡುವ ತನಕ ನನ್ನದು ಎತ್ತಿನ ಗಾಡಿ ಲೆಕ್ಕ. ಅಂಥ ನನಗೆ 'ಈ ಮನುಷ್ಯ ಸ್ಪೀಡಾಗಿ ಹೋದ' ಅಂತ ಸರ್ಕಾರಿ ಕಾಗದದಲ್ಲಿ ಬರೆದು ಕೊಟ್ಟರು. ಅದೂ ಮಾವನವರ ಎದುರಿಗೆ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಊರಿಂದ ಅತ್ತೆ ಮಾವ ಬಂದಿದ್ದರು. ನಯಾಗರ ಆಗಿತ್ತು, ನ್ಯೂಯಾರ್ಕ್ ಆಗಿತ್ತು. ಇನ್ನೇನು ತೋರಿಸುವುದು ಅಂತ ತಲೆ ಕೆರೆದುಕೊಂಡಾಗ ನೆನಪಾಗಿದ್ದು ವರ್ಜೀನಿಯಾದ ಲುರೇ ಗುಹೆಗಳು. ಪೆನ್ಸಿಲ್ವೇನಿಯಾ ದಾಟಿ, ಮೇರಿಲ್ಯಾಂಡ್, ವೆಸ್ಟ್ ವರ್ಜೀನಿಯಾಗಳನ್ನು ಇಂಟರ್‌ಸ್ಟೇಟ್ 81 ಹೆದ್ದಾರಿಯಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸಿ ವರ್ಜೀನಿಯಾ ಸೇರಬೇಕು. 'ಒಂದೇ ದಿನ ಐದು ರಾಜ್ಯ!' ಅಂತ ಮಾವನವರು ಡೈರಿಯಲ್ಲಿ ಬರೆದುಕೊಂಡರು. ಅವರು ಲೆಕ್ಕಪತ್ರದ ಕೆಲಸ ಮಾಡಿ ರಿಟೈರ್ ಆದವರು. ಕಣ್ಣಿಗೆ ಬಿದ್ದ ಅಂಕಿ ಯಾವುದನ್ನೂ ಸುಮ್ನೆ ಬಿಡುವವರಲ್ಲ.

ವರ್ಜೀನಿಯಾ ಪ್ರೇಮಿಗಳ ರಾಜ್ಯವಂತೆ. 1969ರಿಂದ ಅವರ ಪ್ರವಾಸೋದ್ಯಮದ ಘೋಷಣೆಯೇ ಅದು. ಆದರೆ ಆ ಪ್ರೇಮ ಸ್ಟೇರಿಂಗ್ ಹಿಡಿದವರಿಗೆ ಅನ್ವಯಿಸುವುದಿಲ್ಲ. ಗಂಟೆಗೆ 85 ಮೈಲಿ ದಾಟಿದರೆ, ಅಥವಾ ಮಿತಿಗಿಂತ 20 ಮೈಲಿ ಜಾಸ್ತಿ ಹೋದರೆ, ಅಲ್ಲಿ ಅದು ಬರೀ ದಂಡದ ವಿಷಯವಲ್ಲ. ಕ್ರಿಮಿನಲ್ ಅಪರಾಧ. ಒಂದು ವರ್ಷದ ತನಕ ಜೈಲಿಗೂ ಅವಕಾಶವಿದೆ. ಪೊಲೀಸರ ರೇಡಾರ್ ಪತ್ತೆ ಹಚ್ಚುವ ಡಬ್ಬಿ ಇಟ್ಟುಕೊಳ್ಳುವುದೂ ನಿಷಿದ್ಧ. ಗೆಳೆಯನೊಬ್ಬ ಅಂಥದ್ದೇ ಒಂದು ಡಬ್ಬಿಯನ್ನು ಪ್ರೀತಿಯಿಂದ ಕೊಡಲು ಬಂದಿದ್ದ. ಪುಣ್ಯಕ್ಕೆ ಮರೆತು ಬಂದಿದ್ದೆ. ವಿಮಾನದಿಂದಲೂ ವೇಗ ನೋಡುತ್ತಾರೆ ಅಂತ ಒಂದು ಬೋರ್ಡ್ ಕಂಡಿತು. ಅಲ್ಲಿಂದ ಮಾವನವರು ಕತ್ತು ಹೊರಗೆ ಹಾಕಿ ಆಕಾಶ ನೋಡುತ್ತಲೇ ಇದ್ದರು.

ಆದರೆ ಅಪಾಯ ಕಾದಿದ್ದು ನೆಲದ ಮೇಲೆ. ಹೆದ್ದಾರಿ ಬಿಟ್ಟು ಚಿಕ್ಕ ರಸ್ತೆಗೆ ಇಳಿದಿದ್ದೆವು. ಗಂಟೆಗೆ 55 ಮೈಲಿ ಮಿತಿಯ ರಸ್ತೆ. ಎರಡೂ ಕಡೆ ಹಸು, ಹುಲ್ಲು, ಬೆಟ್ಟ. ಒಂದು ತಿರುವು ದಾಟುತ್ತಲೇ ಒಂದು ಚರ್ಚು, ಒಂದು ಪೆಟ್ರೋಲ್ ಬಂಕು, ನಾಲ್ಕು ಮನೆ. ಅಷ್ಟೇ ಊರು. ಊರು ಬಂತು ಅಂತ ನನಗೆ ಗೊತ್ತಾಗುವಷ್ಟರಲ್ಲಿ ಊರು ಮುಗಿದಿತ್ತು. ಹಿಂದೆ ನೀಲಿ ದೀಪ ಕುಣಿಯುತ್ತಿತ್ತು.

"ರೀ, ನಮಗೇನಾ?" ಅಂದಳು ಹೆಂಡತಿ. ರಸ್ತೆಯಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ.

ಬಲಕ್ಕೆ ನಿಲ್ಲಿಸಿದೆ. ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ಒಳ್ಳೆ ಹುಡುಗನ ಹಾಗೆ ಕೂತೆ. ಇಲ್ಲಿ ಪೊಲೀಸರು ನಿಲ್ಲಿಸಿದರೆ ಕಾರಿಂದ ಇಳಿಯಬಾರದು. ಮಾವನವರಿಗೆ ಅದನ್ನು ಹೇಳುವಷ್ಟು ಹೊತ್ತು ಸಿಗಲಿಲ್ಲ. ಅಧಿಕಾರಿ ಬಂದಿದ್ದು ನನ್ನ ಕಡೆಗಲ್ಲ, ಬಲಗಡೆಯ ಕಿಟಕಿಗೆ. ರಸ್ತೆಯ ಕಡೆ ನಿಂತರೆ ಬೇರೆ ಗಾಡಿಗಳ ಭಯ, ಅದಕ್ಕೆ ಹೀಗೆ ಬರುವುದುಂಟು. ಆದರೆ ಊರಲ್ಲಾದರೆ ಡ್ರೈವರ್ ಕೂರುವ ಜಾಗ ಅದು. ಮಾವನವರು ತಮ್ಮನ್ನೇ ಕೇಳಲು ಬಂದರು ಅಂದುಕೊಂಡರು. ಬೆಲ್ಟ್ ಬಿಚ್ಚಿ, ಅಂಗಿ ಸರಿ ಮಾಡಿಕೊಂಡು, ಗೌರವಕ್ಕೆ ಎದ್ದು ನಿಲ್ಲಲು ಬಾಗಿಲಿಗೆ ಕೈ ಹಾಕಿದರು. "ಒಳಗೇ ಇರಿ ಸರ್" ಅನ್ನುವ ದನಿಗೆ ಹಿಂದಿನ ಸೀಟಲ್ಲಿ ನಿದ್ದೆಯಲ್ಲಿದ್ದ ಅತ್ತೆಯೂ ಎಚ್ಚರಾದರು.

"ಎಷ್ಟು ಸ್ಪೀಡಲ್ಲಿ ಬರ್ತಿದ್ರಿ, ಗೊತ್ತಾ?"

ಇದಕ್ಕೆ ಏನು ಉತ್ತರ ಕೊಡಬೇಕು ಅಂತ ಹದಿನೈದು ವರ್ಷದಿಂದ ಕೇಳಿ ಬಲ್ಲೆ. ಏನೂ ಹೇಳಬಾರದು. ಒಂದು ಪೆಚ್ಚು ನಗೆ ನಕ್ಕು ಸುಮ್ಮನಿರಬೇಕು. ನಾನು ಆ ನಗೆಯನ್ನು ತಯಾರು ಮಾಡಿಕೊಳ್ಳುತ್ತಿರುವಾಗಲೇ ಮಾವನವರು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಅಳಿಯನ ರಕ್ಷಣೆಗೆ ಇಳಿದರು.

"ಐವತ್ತು ದಾಟಿರಲಿಲ್ಲ ಸರ್. ನಾನು ಮೀಟರ್ ನೋಡ್ತಾನೇ ಇದ್ದೆ."

"ಹೌದು ಸರ್, ನಲವತ್ತೆಂಟು" ಅಂದ ಅಧಿಕಾರಿ. "ಇಲ್ಲಿ ಮಿತಿ ಮೂವತ್ತೈದು."

ಮಾವನವರು ಹೆಮ್ಮೆಯಿಂದ ನನ್ನ ಕಡೆ ತಿರುಗಿದರು. ತಮ್ಮ ಅಂದಾಜು ಸರಿಯಾಗಿತ್ತಲ್ಲ! ಆಮೇಲೆ ಮನಸ್ಸಿನಲ್ಲೇ ಗುಣಿಸಿರಬೇಕು. ಕನ್ನಡದಲ್ಲಿ ಮೆಲ್ಲಗೆ, "ಎಪ್ಪತ್ತೇಳು ಕಿಲೋಮೀಟರ್ ಆಗುತ್ತೆ ಅಷ್ಟೇ. ಇದಕ್ಕೆಲ್ಲಾ ಹಿಡೀತಾರಾ?" ಅಂದರು.

ಅಧಿಕಾರಿ ನನ್ನ ಲೈಸೆನ್ಸ್ ತೆಗೆದುಕೊಂಡು ತನ್ನ ಕಾರಿಗೆ ಹೋಗಿ ಬಹಳ ಹೊತ್ತು ಕೂತ. ಚಿಕ್ಕ ಹುಡುಗ, ಕೆನ್ನೆ ಬಿಸಿಲಿಗೆ ಕೆಂಪಾಗಿತ್ತು. "ಪಾಪ, ಮಗುಗೆ ಒಂದು ಬಾಟಲಿ ನೀರಾದ್ರೂ ಕೊಡೋಣ" ಅಂದರು ಅತ್ತೆ. "ಅಮ್ಮಾ, ಅದನ್ನ ಲಂಚ ಅಂದುಕೊಂಡ್ರೆ ಎಲ್ರೂ ಒಳಗೇ" ಅಂತ ಹೆಂಡತಿ ಬಾಟಲಿ ಕಿತ್ತಿಟ್ಟಳು.

ಕಾಗದ ಬಂತು, ಇಲ್ಲಿಯವರು ಟಿಕೆಟ್ ಅನ್ನುವ ದಂಡದ ನೋಟಿಸು. ಸಹಿ ಹಾಕಬೇಕು. ಸಹಿ ಹಾಕಿದರೆ ತಪ್ಪು ಒಪ್ಪಿಕೊಂಡಂತಲ್ಲ, ಕೋರ್ಟಿಗೆ ಬರುತ್ತೇನೆ ಎಂದು ಮಾತು ಕೊಟ್ಟಂತೆ ಅಂತ ಹುಡುಗ ವಿವರಿಸಿದ. "ಓದದೆ ಸಹಿ ಹಾಕ್ಬೇಡಿ" ಅಂತ ಮಾವನವರು ಕಾಗದ ಇಸಿದುಕೊಂಡು ಕನ್ನಡಕ ಹುಡುಕತೊಡಗಿದರು. ಅಮೆರಿಕದ ಪೊಲೀಸರ ತಾಳ್ಮೆಯ ಬಗ್ಗೆ ಯಾರು ಏನಾದರೂ ಹೇಳಲಿ, ಆ ಹುಡುಗ ಕನ್ನಡಕ ಸಿಗುವ ತನಕ ನಿಂತಿದ್ದ.

ಗುಹೆ ಚೆನ್ನಾಗಿತ್ತಂತೆ. ಒಳಗೆ ಒಂದು ಸಂಗೀತ ವಾದ್ಯವಿದೆ, ಕೀಲಿ ಒತ್ತಿದರೆ ತೂಗುವ ಕಲ್ಲುಗಳನ್ನು ರಬ್ಬರ್ ಸುತ್ತಿಗೆ ಬಡಿದು ನಾದ ಹೊರಡಿಸುತ್ತದೆ. ಎಲ್ಲರೂ ಕಿವಿಗೊಟ್ಟು ಕೇಳಿದರು. ನನಗೆ ಅದರಲ್ಲೂ ಸೈರನ್ನೇ ಕೇಳಿಸಿತು. "ಇಲ್ಲಿ ವರ್ಷವಿಡೀ 54" ಅಂತ ಗೈಡ್ ಹೇಳಿದಾಗ ಎದೆ ಝಲ್ ಅಂತು. ಅವಳು ಹೇಳಿದ್ದು ಫ್ಯಾರನ್‌ಹೀಟ್.

ವಾಪಸ್ ಬಂದ ಮೇಲೆ ಸಲಹೆಗಾರರು ಶುರುವಾದರು. ಬೇರೆ ರಾಜ್ಯದ ಟಿಕೆಟ್ಟು ತಾನೇ, ಹರಿದು ಬಿಸಾಕು ಅಂದ ಒಬ್ಬ. ಅವನ ಮಾತು ಕೇಳಿದ್ದರೆ ಕೆಟ್ಟೆ. ರಾಜ್ಯ ರಾಜ್ಯಗಳ ನಡುವೆ ಒಪ್ಪಂದವಿದೆ. ಅಲ್ಲಿನ ಟಿಕೆಟ್ಟಿಗೆ ಉತ್ತರ ಕೊಡದಿದ್ದರೆ ಇಲ್ಲಿನ ಲೈಸೆನ್ಸಿಗೇ ಕತ್ತರಿ. ಮೆಕ್ಯಾನಿಕ್ ಹತ್ತಿರ ಹೋಗಿ ಸ್ಪೀಡೋಮೀಟರ್ ಪರೀಕ್ಷೆ ಮಾಡಿಸು, ಅದು ಕಡಿಮೆ ತೋರಿಸ್ತಿದೆ ಅಂತ ಸರ್ಟಿಫಿಕೇಟ್ ಸಿಕ್ಕರೆ ಜಡ್ಜ್ ಕರಗಬಹುದು ಅಂದ ಇನ್ನೊಬ್ಬ. ನನ್ನ ಮೀಟರಿನ ಪ್ರಾಮಾಣಿಕತೆಗೆ ಮಾವನವರೇ ಸಾಕ್ಷಿ ಹೇಳಿ ಆಗಿತ್ತಲ್ಲ.

ಅಷ್ಟರಲ್ಲಿ ಪತ್ರಗಳು ಬರತೊಡಗಿದವು. ವರ್ಜೀನಿಯಾದ ವಕೀಲರಿಂದ. ಟಿಕೆಟ್ಟಿನ ವಿವರ ಕೋರ್ಟಿನ ದಾಖಲೆಯಲ್ಲಿ ಸಿಗುತ್ತದೆ, ಅದನ್ನು ನೋಡಿ ಬರೆಯುತ್ತಾರೆ. ಮೊದಲ ದಿನ ಮೂರು, ಮಾರನೆಯ ದಿನ ಐದು. ನನ್ನ ಮದುವೆಗೂ ಇಷ್ಟು ಜನ ಶುಭಾಶಯ ಕಳಿಸಿರಲಿಲ್ಲ. ಮಾವನವರು ದಿನಾ ಮಧ್ಯಾಹ್ನ ಅಂಚೆ ಡಬ್ಬಿ ಹತ್ತಿರ ಕಾಯುವುದು, ಪತ್ರ ಬಿಡಿಸಿ ಅತ್ತೆಗೆ ಜೋರಾಗಿ ಓದಿ ಹೇಳುವುದು. "ಇವರು ಮೊದಲು ಪ್ರಾಸಿಕ್ಯೂಟರ್ ಆಗಿದ್ರಂತೆ ಕಣೇ. ಇವರನ್ನೇ ಇಟ್ಟುಕೊಳ್ಳಲಿ." ಜಾತಕ ನೋಡಿದ ಹಾಗೆ ವಕೀಲರನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದರು.

ನಾನು ಮಾತ್ರ ಸೋಮಾರಿಗಳ ದಾರಿ ಹಿಡಿದೆ. ಕೋರ್ಟಿಗೆ ಹೋಗಲು ಐದು ಗಂಟೆ, ಬರಲು ಐದು ಗಂಟೆ. ಆ ದಾರಿಯಲ್ಲಿ ಇನ್ನೊಂದು ಟಿಕೆಟ್ ಸಿಗುವುದಿಲ್ಲ ಅನ್ನುವ ಗ್ಯಾರಂಟಿ ಏನು? ಕಂಪ್ಯೂಟರಿನಲ್ಲಿ ತಪ್ಪು ಒಪ್ಪಿಕೊಂಡು ಹಣ ಕಟ್ಟಿದೆ. ಮಿತಿ ಮೀರಿದ ಪ್ರತಿ ಮೈಲಿಗೆ ಆರು ಡಾಲರ್, ಹದಿಮೂರು ಮೈಲಿಗೆ 78. ಕೋರ್ಟಿನ ಖರ್ಚು ಬೇರೆ. ನ್ಯೂಜೆರ್ಸಿಯವರು ತಮ್ಮ ಪಾಲಿಗೆ ಲೈಸೆನ್ಸಿಗೆ ತಪ್ಪಿನ ಲೆಕ್ಕದ ಎರಡು ಪಾಯಿಂಟ್ ಅಂಟಿಸಿದರು. ಹೊರರಾಜ್ಯದಲ್ಲಿ ಇಂಥ ತಪ್ಪು ಮಾಡಿದರೆ ಎಲ್ಲರಿಗೂ ಎರಡೇ. ಮಾವನವರು ಎರಡು ದಿನ ನನ್ನ ಜತೆ ಸರಿಯಾಗಿ ಮಾತಾಡಲಿಲ್ಲ. "ವಾದಾನೇ ಮಾಡದೆ ಒಪ್ಪಿಕೊಂಡ್ರಾ?" ಅಂತ ಅವರಿಗೆ ಬೇಜಾರು.

ಅವರು ಊರಿಗೆ ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸ್ ತೂಕ ಜಾಸ್ತಿಯಾಯಿತು. ಏನು ತೆಗೆಯುವುದು ಅಂತ ಬಿಚ್ಚಿ ನೋಡಿದರೆ ಅಂಗಿಗಳ ನಡುವೆ, ಮಡಿಕೆ ಬೀಳದ ಹಾಗೆ ರಟ್ಟಿನಲ್ಲಿಟ್ಟ ಒಂದು ಪತ್ರ. ಮೇಲೆ ಬಂಗಾರದ ಬಣ್ಣದ ತಕ್ಕಡಿ. ಕೆಳಗೆ ದಪ್ಪಕ್ಷರದಲ್ಲಿ ನನ್ನ ಪೂರ್ತಿ ಹೆಸರು.

"ಇದ್ಯಾಕೆ ಮಾವ?"

"ಇರಲಿ ಬಿಡಿ, ಊರಲ್ಲಿ ತೋರಿಸೋಕೆ" ಅಂದರು. "ಎಂಥಾ ಕಾಗದ ನೋಡಿ! ನಿಮ್ಮ ಹೆಸರು ಇಷ್ಟು ಚೆನ್ನಾಗಿ ನಮ್ಮ ಲಗ್ನಪತ್ರಿಕೇಲೂ ಬಂದಿರಲಿಲ್ಲ."

ಉಪ್ಪಿನಕಾಯಿ ಬಾಟಲಿ ಹೊರಗೆ ತೆಗೆದಿಟ್ಟೆವು.